ದಿಬ್ಬದ ಮಾತು

ಗಿರಣಿಯಕ್ಕನ ಎದುರು ಯಾರೂ ಸುಸ್ತಾಯಿತು ಎನ್ನುವಂತಿರಲಿಲ್ಲ. ಯಾರಾದರೂ ಅಂದರೆ ದಿಬ್ಬದ ಮಾತು ಬಂದೇ ಬರುತ್ತಿತ್ತು.

ಗೋಧಿಯ ಚೀಲವನ್ನು ಹೆಗಲಿನಿಂದ ಇಳಿಸುತ್ತ ಯಾರಾದರೂ ಉಸ್ಸಪ್ಪಾ ಎಂದರೆ ಸಾಕು, ಕಾಳು ಸುರಿಯುತ್ತಿದ್ದವಳು ಅಷ್ಟಕ್ಕೇ ಕೈ ತಡೆದು, ರೆಪ್ಪೆಯ ಮೇಲೆ ಕೂತ ಹಿಟ್ಟನ್ನು ಮೊಣಕೈಯಿಂದ ಒರೆಸಿಕೊಂಡು, ಯಂತ್ರದ ಸದ್ದನ್ನೂ ಮೀರಿಸುವ ದನಿಯಲ್ಲಿ ಶುರು ಮಾಡುತ್ತಿದ್ದಳು.

“ಇಷ್ಟಕ್ಕೇ ಉಸ್ ಅಂದ್ರೆ ಹೆಂಗೆ? ನಾನು ಗಿಡ್ಡ ಲಂಗ ಹಾಕೋ ವಯಸ್ಸಲ್ಲಿ ಹಿಂದೆ ಹಿಟ್ಟಿನ ಮೂಟೆ ಕಟ್ಕೊಂಡು, ಸೈಕಲ್ ಮೇಲೆ ಆ ದಿಬ್ಬ ಹತ್ತುತಿದ್ದೆ. ದಿನಾ! ಒಂದು ದಿನ ಇಳಿದು ತಳ್ಳಿದವಳಲ್ಲ.”

ಆ ದಿಬ್ಬ ಎಲ್ಲೋ ದೂರದ್ದೇನಲ್ಲ, ಗಿರಣಿಯ ಬಾಗಿಲಲ್ಲಿ ನಿಂತರೆ ಹೊಲಗಳ ಆಚೆ ಮಲಗಿದ ಎಮ್ಮೆಯ ಬೆನ್ನಿನಂತೆ ಕಾಣುತ್ತಿತ್ತು. ಅದರ ನೆತ್ತಿಯ ಮೇಲೆ ಮೇಲಿನ ಹಳ್ಳಿ. ಗಿರಣಿ ಅವಳ ಅಪ್ಪನದಾಗಿದ್ದ ಕಾಲದಲ್ಲಿ ಆ ಹಳ್ಳಿಯ ಮನೆಗಳಿಗೆಲ್ಲ ಹಿಟ್ಟು ಮುಟ್ಟಿಸುತ್ತಿದ್ದವಳು ಅವಳೇ. ಅದರಲ್ಲಿ ಸುಳ್ಳಿರಲಿಲ್ಲ, ಊರಿನ ಹಳಬರೆಲ್ಲ ಕಂಡದ್ದೇ.

ಆದರೆ ಈ ಮಾತಿಗೆ ಮನೆಯವರು ಮಾತ್ರ ರೋಸಿಹೋಗಿದ್ದರು. ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದ ಮಗಳಿಗೆ ಧೈರ್ಯ ಹೇಳಲು ಹೋಗಿ ಅವಳು ದಿಬ್ಬ ಹತ್ತಿಸಿದ್ದಳು. ಹೊಟ್ಟೆಯ ಆಪರೇಷನ್ ಮುಗಿಸಿ ಮಲಗಿದ್ದ ಅಳಿಯನಿಗೂ ಒಂದು ಸುತ್ತು ಆಗಿತ್ತು. ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವಳು ನಾದಿನಿ, ಗಂಡನ ತಂಗಿ. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸದಿಂದಲೋ ಏನೋ, ಸೂಜಿ ಇಲ್ಲದಾಗಲೂ ಅವಳ ಮಾತು ಚುಚ್ಚುತ್ತಿತ್ತು.

ಆ ನಾದಿನಿಯೇ ಒಂದು ದಿನ ಸುದ್ದಿ ಹೊತ್ತು ಬಂದಳು. ಪೇಟೆಯ ಸೈಕಲ್ ಸಂಘದವರು ಎರಡು ದಿನದ ಹಳೇ ಸೈಕಲ್ ಸವಾರಿ ಇಟ್ಟುಕೊಂಡಿದ್ದಾರೆ. ಸೈಕಲ್ಲೂ ಹಳೇ ಕಾಲದ್ದಿರಬೇಕು, ಬಟ್ಟೆಯೂ ಹಳೇ ಕಾಲದ್ದಿರಬೇಕು. ಅದಕ್ಕೇ ಅವಳ ಅಂಗಡಿಗೆ ಕೋಟು, ಜುಬ್ಬ, ಅಗಲ ಕಾಲಿನ ಪ್ಯಾಂಟುಗಳ ರಾಶಿ ಬಂದು ಬಿದ್ದಿದೆ. ಶನಿವಾರ ಮೈದಾನದಲ್ಲಿ ಸೈಕಲ್ಲುಗಳ ಪ್ರದರ್ಶನ. ಭಾನುವಾರ ಸವಾರಿ.

“ಎಲ್ಲಿಗೆ ಸವಾರಿ ಗೊತ್ತಾ ಅತ್ತಿಗೆ?” ಎಂದು ಕೇಳಿ, ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. “ಮೇಲಿನ ಹಳ್ಳಿಗೆ. ನಿಮ್ಮ ದಿಬ್ಬದ ಮೇಲೆ. ನಮ್ಮಿಬ್ಬರ ಹೆಸರೂ ಕೊಟ್ಟು ಬಂದಿದ್ದೀನಿ.”

“ಯಾರನ್ನ ಕೇಳಿ ಕೊಟ್ಟೆ?”

“ಕೇಳೋದೇನು? ಹುಲಿ ಕಾಡಿಗೆ ಹೋಗೋಕೆ ಯಾರ ಅಪ್ಪಣೆ ಬೇಕು?” ಎಂದಳು ನಾದಿನಿ. ಅಳಿಯ ತಟ್ಟೆಗೆ ಮುಖ ಹುದುಗಿಸಿ ನಕ್ಕ. “ನೋಡಿ ಅತ್ತಿಗೆ, ಒಂದು ಒಪ್ಪಂದ. ನೀವು ಸೈಕಲ್ ಮೇಲೆ ದಿಬ್ಬ ಹತ್ತಿದ್ರೆ, ಇರೋ ತನಕ ಆ ಮಾತು ಹೇಳ್ಕೊಳ್ಳಿ, ಕೈ ಕಟ್ಕೊಂಡು ಕೇಳ್ತೀವಿ. ಇಳಿದು ತಳ್ಳಿದ್ರೆ, ಅವತ್ತಿಂದ ಈ ಮನೇಲಿ ದಿಬ್ಬದ ಮಾತು ಬಂದ್.”

ಗಿರಣಿಯಕ್ಕ ಗಂಡನ ಕಡೆ ನೋಡಿದಳು. ಅವನು ಬಡಗಿ, ಮಾತನ್ನು ಅಳತೆ ಪಟ್ಟಿ ಇಟ್ಟು ಕೊಯ್ಯುವವನು. “ಒಪ್ಪಂದ ಸರಿಯಾಗೇ ಇದೆ” ಎಂದಷ್ಟೇ ಹೇಳಿದ. ಕಟ್ಟಿಕೊಂಡವನೇ ಹೀಗೆಂದ ಮೇಲೆ ಇನ್ನೇನು ಉಳಿಯಿತು?

“ಆಗಲಿ” ಎಂದಳು. “ಆದ್ರೆ ನಾನು ಹತ್ತೋದು ನನ್ನ ಸೈಕಲ್ಲಲ್ಲೇ.”

*

ಸೈಕಲ್ಲು ಗಿರಣಿಯ ತೊಲೆಗೆ ನೇತುಬಿದ್ದಿತ್ತು. ಅಪ್ಪ ಹಿಟ್ಟು ಸಾಗಿಸಲು ಮೂರು ಗಾಲಿಯ ಗಾಡಿ ಕೊಂಡ ವರ್ಷ ಅದನ್ನು ಅಲ್ಲಿಗೇರಿಸಿದ್ದು, ಆಮೇಲೆ ಯಾರೂ ಇಳಿಸಿರಲಿಲ್ಲ. ಬಡಗಿ ಏಣಿ ಹಾಕಿ, ಹಗ್ಗ ಬಿಚ್ಚಿ ಇಳಿಸಿದಾಗ ಅದು ಕಬ್ಬಿಣದ್ದೋ ಹಿಟ್ಟಿನದ್ದೋ ತಿಳಿಯದಂತಿತ್ತು. ಇಷ್ಟು ವರ್ಷ ಗಿರಣಿ ಉಗುಳಿದ ದೂಳೆಲ್ಲ ಅದರ ಮೇಲೆ ಪದರ ಪದರವಾಗಿ ಕೂತು ಗಟ್ಟಿಯಾಗಿತ್ತು. ಹಳೇ ಪೊರಕೆಯಿಂದ ಗುಡಿಸಿ, ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತ ಹೋದಂತೆ ಒಳಗಿನಿಂದ ಕಪ್ಪು ಬಣ್ಣ, ಮಡ್‌ಗಾರ್ಡಿನ ಚಿನ್ನದ ಗೆರೆ, ಹಿಂದೆ ಬಾಗಿಲಿನಷ್ಟು ಅಗಲದ ಕ್ಯಾರಿಯರ್ ಒಂದೊಂದಾಗಿ ಹೊರಬಂದವು. ಹಿಟ್ಟು ತಡೆದದ್ದರಿಂದ ತುಕ್ಕು ಹಿಡಿದಿರಲಿಲ್ಲ. ಟೈರು ಟ್ಯೂಬು ಪೇಟೆಯಿಂದ ತರಿಸಿದ. ಹ್ಯಾಂಡಲಿನ ರಬ್ಬರು ಪುಡಿಯಾಗಿತ್ತು. ಅದಕ್ಕೆ ಬದಲು ಮರದ ಹಿಡಿಕೆ ಕಡೆದು, ಅವಳ ಅಂಗೈಯನ್ನು ಒಮ್ಮೆ ಹಿಡಿದು ನೋಡಿ, ಇನ್ನೊಂದಿಷ್ಟು ಕೆತ್ತಿ ತೊಡಿಸಿದ.

ಎಲ್ಲ ಸರಿಯಾದ ಸಂಜೆ ಗಿರಣಿಯ ಹಿಂದಿನ ಕಣಕ್ಕೆ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಗಿರಣಿಯಕ್ಕ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎಡಗಾಲು ಪೆಡಲಿನ ಮೇಲಿಟ್ಟು, ನೆಲಕ್ಕೆ ಒಂದೆರಡು ಒದೆ ಕೊಟ್ಟು, ಬಲಗಾಲನ್ನು ಎತ್ತಿದಳು.

ಕಾಲು ಸೀಟಿನ ಕಡೆ ಹೋಗಲಿಲ್ಲ. ಅಡ್ಡ ಕಂಬಿಯ ಕೆಳಗೆ ತೂರಿತು.

ಸೈಕಲ್ಲು ಓಲಾಡಿ ನಿಂತಿತು. ಅವಳು ಕಾಲು ಹೊರಕ್ಕೆಳೆದು ಮತ್ತೆ ಹತ್ತಿದಳು. ಮತ್ತೆ ಕಾಲು ಅದೇ ತ್ರಿಕೋನದ ಸಂದಿಗೆ, ಬಿಲ ಬಲ್ಲ ಹೆಗ್ಗಣದ ಹಾಗೆ, ತಾನಾಗಿ ನುಗ್ಗಿತು. ಎಡಗೈ ಹ್ಯಾಂಡಲನ್ನು ಹಿಡಿದಿತ್ತು. ಬಲಗೈ ಸೀಟನ್ನು ಎಳೆಮಗುವಿನಂತೆ ಕಂಕುಳಲ್ಲಿ ಅವುಚಿಕೊಂಡಿತ್ತು.

ಆಗ ಅವಳಿಗೆ ನೆನಪಾಯಿತು. ಇಷ್ಟು ವರ್ಷ ಸೈಕಲ್ ಎಂದರೆ ಮುಖಕ್ಕೆ ಬಡಿದ ಗಾಳಿ, ಹಾರುವ ಜಡೆ, ದಾರಿಯ ಎರಡೂ ಬದಿಯ ಹೊಲ ಇಷ್ಟೇ ನೆನಪಿತ್ತು. ಕಾಲು ಎಲ್ಲಿತ್ತು ಎಂಬುದು ಮರೆತೇ ಹೋಗಿತ್ತು. ಗಂಡಸರ ಎತ್ತರದ ಸೈಕಲ್ಲು, ಅದರ ಸೀಟಿನಷ್ಟೇ ಎತ್ತರದ ಹುಡುಗಿ. ಸೀಟಿನ ಮೇಲೆ ಕೂತರೆ ಪೆಡಲು ಎಟುಕಬೇಕಲ್ಲ! ಕಂಬಿಯ ಕೆಳಗೆ ಕಾಲು ತೂರಿಸಿ, ಮೈಯನ್ನು ಒಂದು ಮಗ್ಗುಲಿಗೆ ನೇತುಹಾಕಿ, ಅರ್ಧರ್ಧ ತುಳಿಯುತ್ತ ಹೋಗುವ ಒಳಪೆಡಲು ಅವಳು ಕಲಿತದ್ದು. ಮೈ ಬೆಳೆದು ಸೀಟಿಗೆ ಏರುವಷ್ಟಾಗುವ ಹೊತ್ತಿಗೆ ಸೈಕಲ್ಲು ತೊಲೆಗೇರಿತ್ತು. ಸೀಟಿನ ಮೇಲೆ ಅವಳು ಜನ್ಮದಲ್ಲಿ ಒಮ್ಮೆಯೂ ಕೂತವಳಲ್ಲ.

“ರೀ,” ಎಂದಳು. “ನಂಗೆ ಸೀಟ್ ಮೇಲೆ ಕೂತು ಬರಲ್ಲ ಕಣ್ರೀ.”

ಬಡಗಿ ಸ್ವಲ್ಪ ಹೊತ್ತು ಅವಳನ್ನೂ ಅವಳ ಕಾಲನ್ನೂ ನೋಡಿದ. ಆಮೇಲೆ ಅವನ ಹೆಗಲು ಅಲುಗತೊಡಗಿತು. ಸದ್ದಿಲ್ಲದೆ ನಗುವವನು, ಕಿವಿಯ ಸಂದಿಯ ಪೆನ್ಸಿಲ್ ಕೆಳಕ್ಕೆ ಬಿದ್ದಾಗಲೇ ಎಷ್ಟು ನಗುತ್ತಿದ್ದಾನೆಂದು ತಿಳಿದದ್ದು.

“ನಗಬೇಡಿ. ಹಿಡ್ಕೊಳ್ಳಿ, ಕಲೀತೀನಿ.”

ಹಿಡಿದುಕೊಂಡ. ಕಲಿಸಲು ನೋಡಿದ. ಸೀಟಿನ ಮೇಲೆ ಕೂರಿಸಿದರೆ ಅವಳು ಮರದ ತುದಿಯಲ್ಲಿ ಸಿಕ್ಕಿಕೊಂಡ ಬೆಕ್ಕಿನಂತೆ ಕಣ್ಣು ಬಿಡುತ್ತಿದ್ದಳು. ಕೈ ಬಿಟ್ಟ ಕೂಡಲೇ ಸೈಕಲ್ಲು ನೇರ ತೌಡಿನ ರಾಶಿಗೆ ಹೋಗಿ ನುಗ್ಗಿತು. ದಿನಾ ಸಂಜೆ ಇದೇ ಕತೆ. ಹೂತು ಎದ್ದು, ಹೂತು ಎದ್ದು, ಕೊನೆಗೆ ತಲೆಯಿಂದ ತೌಡು ಕೊಡವಿಕೊಳ್ಳುತ್ತ ಅವಳೇ ಕೇಳಿದಳು: “ಒಪ್ಪಂದದಲ್ಲಿ ಸೀಟಿನ ಮಾತು ಇತ್ತಾ?”

ಬಡಗಿ ಯೋಚಿಸಿದ. “ಇರಲಿಲ್ಲ. ಇಳಿದು ತಳ್ಳಬಾರದು ಅಂದಳು. ಅಷ್ಟೇ.”

“ಹಂಗಾದ್ರೆ ಸರಿ.”

ಕಾಲು ಕಂಬಿಯ ಕೆಳಗೆ ಹೋಯಿತು. ಅಂದು ಗುಬ್ಬಚ್ಚಿಯಂತೆ ತೂರುತ್ತಿದ್ದದ್ದು ಈಗ ಬಾಗಿಲಲ್ಲಿ ಬೀರು ಸಾಗಿಸಿದಂತೆ ತುಸು ಓರೆ ಮಾಡಿ, ಉಸಿರು ಎಳೆದುಕೊಂಡು ಹೋಗಬೇಕಾಯಿತು. ಮಂಡಿ ಎರಡು ಸಲ ಕಂಬಿಗೆ ಬಡಿಯಿತು. ಆದರೂ ಸೈಕಲ್ಲು ಹೊರಟಿತು. ಕಣದ ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು. ಮೂಟೆ ಎತ್ತಿ ಎತ್ತಿ ಗಟ್ಟಿಯಾದ ತೋಳು ಸೀಟನ್ನು ಅಲುಗದಂತೆ ಹಿಡಿದಿತ್ತು. ಬಡಗಿ ಚೆಲ್ಲಿದ ತೌಡು ಗುಡಿಸುವುದನ್ನು ಬಿಟ್ಟು ನೋಡುತ್ತ ನಿಂತ.

*

ಶನಿವಾರ ಮೈದಾನದ ತುಂಬ ಹಗ್ಗ ಕಟ್ಟಿ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಹಾಲಿನ ಕ್ಯಾನು ಕಟ್ಟುವ ಕೊಕ್ಕೆಯಿದ್ದವು, ಮುಂದೆ ಬುಟ್ಟಿಯಿದ್ದವು, ದೀಪ ಉರಿಸುವ ಡೈನಮೊ ಇದ್ದವು, ಇಬ್ಬರು ಕೂತು ತುಳಿಯುವಂಥದೂ ಒಂದು. ಗಂಡಸರು ಮೀಸೆ ತಿರುವಿಕೊಂಡು, ಅಜ್ಜಂದಿರ ಕೋಟು ಹಾಕಿಕೊಂಡು ಬೆವರುತ್ತಿದ್ದರು. ನಾದಿನಿ ತಾನು ಹೊಲಿದ ಒಂದೊಂದು ಕೋಟನ್ನೂ ಕಣ್ಣಲ್ಲೇ ಅಳೆಯುತ್ತ, “ಆ ಡಾಕ್ಟರು ಅಳತೆ ಕೊಡೋವಾಗ ಹೊಟ್ಟೆ ಒಳಗೆ ಎಳ್ಕೊಂಡಿದ್ರು. ಈಗ ನೋಡಿ, ಗುಂಡಿ ಯಾವಾಗ ಹಾರಿ ಯಾರ ಕಣ್ಣಿಗೆ ಬೀಳುತ್ತೋ” ಎಂದು ಪಿಸುಗುಟ್ಟಿದಳು. ಅವಳು ತಂದದ್ದು ಅಡ್ಡ ಕಂಬಿಯಿಲ್ಲದ ಹೆಂಗಸರ ಸೈಕಲ್ಲು, ಪಕ್ಕದ ಅಂಗಡಿಯವರದು.

ಸಂಘದ ಹಿರಿಯರು ರೈಲಿನಲ್ಲಿ ಗಾರ್ಡ್ ಆಗಿದ್ದವರು. ಕೆಲಸದಿಂದ ನಿವೃತ್ತರಾಗಿದ್ದರೂ ಶಿಳ್ಳೆಯಿಂದ ಆಗಿರಲಿಲ್ಲ. ಅದು ಕೊರಳಲ್ಲೇ ಇತ್ತು. ಒಂದೊಂದು ಸೈಕಲ್ಲಿನ ಮುಂದೆಯೂ ನಿಂತು, ಬಗ್ಗಿ, ತಟ್ಟಿ ನೋಡುತ್ತ ಗಿರಣಿಯಕ್ಕನ ಹತ್ತಿರ ಬಂದರು.

“ಭೇಷ್! ಮೂಲ ಬಣ್ಣ ಹಂಗೇ ಇದೆ” ಎಂದವರು ಮತ್ತೆ ಬಗ್ಗಿದರು. “ಆದ್ರೆ ಇದೇನಮ್ಮ, ಕಂಬಿಯ ಕೆಳಗಡೆ, ಈ ಒಳಮೈಯಲ್ಲಿ ಮಾತ್ರ ಬಣ್ಣ ಹೋಗಿ ಬೆಳ್ಳಗಾಗಿದೆ?”

ಗಿರಣಿಯಕ್ಕ ನೋಡಿದಳು. ಹೌದು. ಹುಡುಗಿಯೊಬ್ಬಳ ತೊಡೆ ಮಂಡಿಗಳು ದಿನಾ ಉಜ್ಜಿ ಉಜ್ಜಿ ಆ ಜಾಗ ಕನ್ನಡಿಯ ಹಾಗಾಗಿತ್ತು. ನಾದಿನಿಯ ಕಿವಿ ಪಕ್ಕದಲ್ಲೇ ಇತ್ತು.

“ಇಲಿ ಕೆರೆದಿರಬೇಕು” ಎಂದಳು ಗಿರಣಿಯಕ್ಕ.

“ಇಲಿ ಇಷ್ಟು ನುಣ್ಣಗೆ ಕೆರೆಯುತ್ತಾ?”

“ನಮ್ಮ ಗಿರಣಿ ಇಲಿ ಸ್ವಾಮಿ. ಹಿಟ್ಟು ತಿಂದು ಬೆಳೆದದ್ದು. ಪುರುಸೊತ್ತು ಜಾಸ್ತಿ.”

ಗಾರ್ಡು ಅನುಮಾನದಿಂದ ಮುಂದೆ ಹೋದರು. ಮಧ್ಯಾಹ್ನ ಎಲ್ಲರೂ ಮೈದಾನದಲ್ಲಿ ಒಂದು ಸುತ್ತು ಸೈಕಲ್ ಹೊಡೆದು ತೋರಿಸಿದರು. ಗಿರಣಿಯಕ್ಕ ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. “ನಾಳೆಗೆ ಅಂತ ಕಾಲು ಉಳಿಸ್ಕೊಂಡಿದ್ದೀನಿ.”

“ಉಳಿಸ್ಕೊಳ್ಳಿ ಉಳಿಸ್ಕೊಳ್ಳಿ” ಎಂದಳು ನಾದಿನಿ. “ದಿಬ್ಬ ಎಲ್ಲೂ ಓಡಿ ಹೋಗಲ್ಲ.”

*

ಭಾನುವಾರ ಬೆಳಗ್ಗೆ ಹೊಲಗಳ ಮೇಲೆ ಇನ್ನೂ ತೆಳ್ಳಗೆ ಮಂಜಿತ್ತು. ಬಡಗಿ, ಮಗಳು, ಅಳಿಯ ಮೂವರೂ ಮುಂಚೆಯೇ ಗಾಡಿಯಲ್ಲಿ ಮೇಲಿನ ಹಳ್ಳಿಗೆ ಹೋಗಿದ್ದರು, ಹತ್ತಿ ಬರುವುದನ್ನು ಕಣ್ಣಾರೆ ಕಾಣಲು. ಅಳಿಯ ಕ್ಯಾಮೆರಾ ಬೇರೆ ತಂದಿದ್ದ. ಶಿಳ್ಳೆ ಊದಿದ್ದೇ ತಡ, ಗಂಟೆಗಳೆಲ್ಲ ಒಟ್ಟಿಗೆ ಟ್ರಿಣ್‌ಗುಟ್ಟಿ, ಸೈಕಲ್ಲುಗಳು ಮಂದೆ ಬಿಟ್ಟಂತೆ ಹೊರಟವು. ಗಿರಣಿಯಕ್ಕ ಚೈನಿನ ಹತ್ತಿರ ಬಗ್ಗಿದಳು.

“ಏನಾಯ್ತು ಅತ್ತಿಗೆ?”

“ಏನಿಲ್ಲ, ಚೈನು ಸ್ವಲ್ಪ ಸಡಿಲ. ನೀನು ನಡಿ, ಬಂದೆ.”

ನಾದಿನಿ ಹಿಂದೆ ತಿರುಗಿ ತಿರುಗಿ ನೋಡುತ್ತ ಹೋದಳು. ಮೈದಾನ ಬರಿದಾಯಿತು. ಗಿರಣಿಯಕ್ಕ ತಲೆ ಎತ್ತಿದರೆ ಗಾರ್ಡು ಸೈಕಲ್ ಹಿಡಿದು ಅಲ್ಲೇ ನಿಂತಿದ್ದಾರೆ.

“ನೀವು ಹೋಗಿ ಸ್ವಾಮಿ.”

“ಕೊನೇ ಡಬ್ಬಿ ಹೊರಡದೆ ಗಾರ್ಡು ಹೊರಡೋ ಹಂಗಿಲ್ಲಮ್ಮ.”

ಇನ್ನು ಮುಚ್ಚಿಟ್ಟು ಆಗುವುದೇನು? ಅವಳು ಸೀರೆ ಸಿಕ್ಕಿಸಿ, ಎರಡು ಒದೆ ಕೊಟ್ಟು, ಕಾಲು ಒಳಗೆ ತೂರಿಸಿದಳು. ಗಾರ್ಡರ ಬಾಯಿಂದ ಶಿಳ್ಳೆ ಕಳಚಿ ಬಿತ್ತು. “ಓಹೋಹೋ! ಇಲಿ!” ಎಂದು ಅವರು ಹ್ಯಾಂಡಲ್ ಮೇಲೆ ಬಿದ್ದು ನಕ್ಕರು. “ಅಮ್ಮಾ, ನಾನೂ ಹಂಗೇ ಕಲಿತದ್ದು! ನಡೀರಿ, ನಡೀರಿ!”

ಗದ್ದೆಯ ನಡುವಿನ ಹಾದಿ ಚಪ್ಪಟೆಯಾಗಿತ್ತು. ಟಕ್ ಎಂದು ಕೆಳಕ್ಕೆ ಒಂದು ತುಳಿತ, ಟರ್ರನೆ ಹಿಂದಕ್ಕೆ ಅರ್ಧ, ಮತ್ತೆ ಟಕ್. ಮೊದಮೊದಲು ತೊಡೆ ಚುರುಗುಟ್ಟಿತು, ಸೊಂಟ ಗೊಣಗಿತು. ಒಂದು ಹೊಲ ದಾಟುವಷ್ಟರಲ್ಲಿ ಎರಡೂ ಸುಮ್ಮನಾದವು. ಗಾಳಿ ಅವಳು ಹೇಳುತ್ತಿದ್ದ ಹಾಗೆಯೇ ಬಂದು ಮುಖಕ್ಕೆ ಬಡಿಯಿತು. ಹಾರಲು ಜಡೆ ಮಾತ್ರ ಈಗ ಅಷ್ಟಿರಲಿಲ್ಲ. ಕಳೆ ಕೀಳುತ್ತಿದ್ದ ಹೆಂಗಸರು ಬೆನ್ನು ನೇರ ಮಾಡಿ, “ಗಿರಣಿಯಕ್ಕಾ, ಸೀಟು ಯಾರಿಗೆ ಕಾದಿರಿಸಿದ್ದೀಯೇ?” ಎಂದು ಕೂಗಿದರು. “ನಿಮ್ಮಪ್ಪನಿಗೆ!” ಎಂದು ಇವಳೂ ಕೂಗಿದಳು. ಉಸಿರು ಸಾಕಷ್ಟಿತ್ತು.

ದಾರಿಯಲ್ಲಿ ಡಾಕ್ಟರ ಚೈನು ಕಳಚಿತ್ತು. ಗಾರ್ಡು ಅವರ ಜೊತೆ ಹಿಂದುಳಿದರು. ನೀರಿನ ತೊಟ್ಟಿಯ ಹತ್ತಿರ ನಾದಿನಿ ಇಳಿದು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಬರುತ್ತಿರುವುದು ಯಾರೆಂದು ನೋಡಿದವಳಿಗೆ ನೀರು ನೆತ್ತಿಗೇರಿತು.

“ಅತ್ತಿಗೇ! ಇದೇನಿದು ಅವತಾರ!”

“ಒಪ್ಪಂದದಲ್ಲಿ ಸೀಟಿನ ಮಾತಿರಲಿಲ್ಲ!”

“ನಿಲ್ಲಿ, ನಿಲ್ಲಿ!”

“ನಿಂತ್ರೆ ಮತ್ತೆ ಹೊರಡೋದು ಕಷ್ಟ ಕಣೇ!” ಎನ್ನುತ್ತ ಗಿರಣಿಯಕ್ಕ, ಗಾಳಿಗೆ ವಾಲಿದ ಬಾಗಿಲಿನಂತೆ ಒಂದು ಮಗ್ಗುಲಿಗೆ ನೇತಾಡುತ್ತ, ಅವಳನ್ನು ದಾಟಿ ಹೋಗಿಯೇ ಬಿಟ್ಟಳು.

ದಿಬ್ಬ ಶುರುವಾಯಿತು. ಮುಂದೆ ಹೋದವರಲ್ಲಿ ಮುಕ್ಕಾಲು ಜನ ಇಳಿದು, ಕೋಟು ಕಳಚಿ ಕ್ಯಾರಿಯರಿಗೆ ಕಟ್ಟಿ, ಸೈಕಲ್ಲುಗಳನ್ನು ತಳ್ಳುತ್ತಿದ್ದರು. ಆ ಕಾಲದ ಸೈಕಲ್ಲಿಗೆ ಗೇರಿಲ್ಲ, ದಿಬ್ಬಕ್ಕೆ ಕರುಣೆಯಿಲ್ಲ. ಗಿರಣಿಯಕ್ಕ ಮೈಭಾರವನ್ನೆಲ್ಲ ಒಂದೊಂದು ಪೆಡಲಿನ ಮೇಲೂ ಸುರಿದು, ಮೂಟೆ ಎತ್ತುವಾಗಿನ ಹಾಗೆ ಹ್ಞೂಂ ಎನ್ನುತ್ತ ಮೇಲೇರಿದಳು. ತಳ್ಳುತ್ತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರೋ ಚಪ್ಪಾಳೆ ತಟ್ಟಿದರು. ಯಾರೋ “ಅಕ್ಕಾ, ಬಿಡಬೇಡ!” ಎಂದರು. ಅವಳು ಬಿಡಲಿಲ್ಲ. ಅವರನ್ನೆಲ್ಲ ಹಿಂದೆ ಹಾಕಿ, ದಾರಿ ಎಡಕ್ಕೆ ತಿರುಗುವ ಮುರುಕಿಯನ್ನು ದಾಟಿದಳು. ಇನ್ನು ಉಳಿದದ್ದು ಒಂದೇ ಏರು. ಅದರಾಚೆ ಹಳ್ಳಿಯ ಮೊದಲ ಮನೆಯ ಹೆಂಚು ಕಾಣುತ್ತಿತ್ತು. ಎದೆಯಲ್ಲಿ ಉಸಿರಿತ್ತು, ಕಾಲಲ್ಲಿ ಕಸುವಿತ್ತು.

ಅಷ್ಟರಲ್ಲಿ ಎಡಗಾಲು ಪೆಡಲಿನಿಂದ ಇಳಿಯಿತು.

ಅವಳು ಇಳಿಸಿದ್ದಲ್ಲ, ತಾನಾಗಿ ಇಳಿಯಿತು. ದಾರಿಯ ಅಂಚಿನಲ್ಲಿದ್ದ ಒಂದು ಚಪ್ಪಟೆ ಕಲ್ಲಿನ ಮೇಲೆ, ಮನೆಯ ಮೆಟ್ಟಿಲಿನ ಮೇಲೆ ಊರಿದಷ್ಟು ಸಲೀಸಾಗಿ ಊರಿತು. ಬಲಗಾಲು ಸಂದಿಯಿಂದ ಹೊರಬಂತು. ಸೀಟನ್ನು ಅವುಚಿದ್ದ ಕೈ ಕ್ಯಾರಿಯರಿಗೆ ಜಾರಿ, ಅಲ್ಲಿ ಇಲ್ಲದ ಮೂಟೆಯೊಂದನ್ನು ತಡವಿತು. ಸೊಂಟ ಬಾಗಿ ತಳ್ಳಲು ಸಿದ್ಧವಾಯಿತು.

ಗಿರಣಿಯಕ್ಕ ಹಾಗೇ ನಿಂತುಬಿಟ್ಟಳು.

ಗೋಣಿಯ ವಾಸನೆ ನೆನಪಾಯಿತು. ಹಿಟ್ಟಿನ ಬೆಚ್ಚನೆಯ ಮೂಟೆಗೆ ಕೆನ್ನೆ ಒತ್ತಿ, ಎರಡೂ ಕೈಯಲ್ಲಿ ತಳ್ಳುತ್ತ ತಳ್ಳುತ್ತ ಈ ಕಲ್ಲಿನ ತನಕ ಬಂದು, ಪೆಡಲನ್ನು ಕಲ್ಲಿನ ಅಂಚಿಗೆ ಆನಿಸಿ ಸೈಕಲ್ ನಿಲ್ಲಿಸಿ, ಉಸ್ಸಪ್ಪಾ ಎಂದು ಕೂರುತ್ತಿದ್ದದ್ದು ನೆನಪಾಯಿತು. ಉಸ್ಸಪ್ಪಾ ಎಂದೇ. ಹತ್ತಿದ್ದಲ್ಲ, ತಳ್ಳಿದ್ದು. ಒಂದು ದಿನವಲ್ಲ, ದಿನಾ. ಯಾವಾಗ ಆ ಮಾತು ಬಾಯಲ್ಲಿ ತಿರುಗಿ ತಿರುಗಿ, ಗಿರಣಿಯಲ್ಲಿ ಕಾಳು ಹಿಟ್ಟಾದ ಹಾಗೆ, ಹೊಟ್ಟು ಹಾರಿ ನುಣ್ಣಗಾಯಿತೋ ಅವಳಿಗೇ ತಿಳಿಯದು.

ಕಲ್ಲಿನ ಮೇಲೆ ಕೂತಳು. ದಾರಿಯ ಎರಡೂ ಕಡೆ ನೋಡಿದಳು. ಹಿಂದಿನವರು ಮುರುಕಿಯಾಚೆ, ಮುಂದಿನವರು ಆಗಲೇ ನೆತ್ತಿ ಸೇರಿದ್ದಾರೆ. ಯಾರೂ ಇಲ್ಲ. ಈಗ ಎದ್ದು ಕಾಲು ತೂರಿಸಿದರೆ ಆಯಿತು. ಆ ಏರು ಮುಗಿದರೆ ಅಳಿಯನ ಕ್ಯಾಮೆರಾ, ಚಪ್ಪಾಳೆ. ದಿಬ್ಬದ ಮಾತು ಸಾಯುವ ತನಕ ಅವಳದೇ. ಇಳಿದದ್ದನ್ನು ಕಂಡವರಾರು? ಈ ಕಲ್ಲು. ಅದು ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ.

ಎದ್ದಳು. ಹ್ಯಾಂಡಲ್ ಹಿಡಿದಳು. ಕಾಲು ಅರ್ಧ ಒಳಗೆ ಹೋಗಿತ್ತು, ಅಷ್ಟರಲ್ಲಿ ಮುರುಕಿಯ ಕೆಳಗಿನಿಂದ ನಾದಿನಿಯ ದನಿ ಕೇಳಿತು. ಸೈಕಲ್ ತಳ್ಳುತ್ತ, ಏದುಸಿರು ಬಿಡುತ್ತ, ಪಕ್ಕದಲ್ಲಿದ್ದ ಯಾರಿಗೋ ಹೇಳುತ್ತಿದ್ದಳು.

“ಅಮ್ಮಮ್ಮ... ಬರೀ ಸೈಕಲ್ಲೇ ತಳ್ಳೋಕಾಗ್ತಿಲ್ಲ... ನಮ್ಮತ್ತಿಗೆ ಆ ವಯಸ್ಸಲ್ಲಿ ಹಿಟ್ಟಿನ ಮೂಟೆ ಹೊತ್ತು ಇದನ್ನ ಹೆಂಗೆ ಹತ್ತುತಿದ್ರೋ! ನಾವೆಲ್ಲ ಸುಮ್ನೆ ಆಡ್ಕೊಂಡ್ವಿ, ಪಾಪ.”

ಇಷ್ಟು ಕಾಲ ನಂಬದಿದ್ದವಳು ಈಗ ನಂಬಿದ್ದಳು. ಅದೂ ಈಗ!

ಗಿರಣಿಯಕ್ಕ ಕಾಲು ಹೊರಗೆಳೆದುಕೊಂಡು ಮತ್ತೆ ಕಲ್ಲಿನ ಮೇಲೆ ಕೂತಳು. ಆಡಿಕೊಳ್ಳುವವಳಿಗಾದರೆ ಸುಳ್ಳು ಹೇಳಬಹುದಿತ್ತು. ಪಾಪ ಎಂದವಳಿಗೆ ಹೇಗೆ ಹೇಳುವುದು?

ನಾದಿನಿ ಮುರುಕಿ ತಿರುಗಿ ಬಂದವಳು ಅವಳನ್ನು ಕಂಡು ಸೈಕಲ್ ಬಿಸಾಡಿ ಓಡಿಬಂದಳು. “ಅತ್ತಿಗೆ! ಬಿದ್ರಾ? ಎದೆ ನೋವಾ?”

“ಏನೂ ಇಲ್ಲ. ಇಳಿದೆ.”

“ಹೋಗ್ಲಿ ಬಿಡಿ. ಇಷ್ಟು ದೂರ ಬಂದ್ರಲ್ಲ, ಅದೇ ದೊಡ್ಡದು. ನಾನು ಯಾರಿಗೂ ಹೇಳಲ್ಲ. ಏಳಿ, ಹತ್ಕೊಳ್ಳಿ, ಇನ್ನಿಷ್ಟೇ ಇಷ್ಟು.”

“ಅದಲ್ಲ ಕಣೇ.” ಗಿರಣಿಯಕ್ಕ ಕಲ್ಲನ್ನು ತಟ್ಟಿದಳು. “ಇಲ್ಲಿ ಕೂರು. ಆಗ್ಲೂ ಹತ್ತಿರಲಿಲ್ಲ. ಇಲ್ಲೇ ಇಳೀತಿದ್ದೆ. ಇಲ್ಲೇನು, ದಿಬ್ಬದ ಬುಡದಲ್ಲೇ ಇಳಿದು, ತಳ್ಕೊಂಡು ಬಂದು, ಈ ಕಲ್ಲಿನ ಮೇಲೆ ಕೂತು ಉಸ್ಸಪ್ಪಾ ಅಂತಿದ್ದೆ. ನಂಗೇ ಮರೆತುಹೋಗಿತ್ತು. ಈ ಕಾಲಿಗೆ ನೆನಪಿತ್ತು ನೋಡು.”

ನಾದಿನಿ ಅವಳ ಮುಖ ನೋಡಿದಳು, ಕಾಲು ನೋಡಿದಳು.

“ದಿನಾನಾ?”

“ದಿನಾ.”

“ಮದುವೆ ಬಟ್ಟೆ ಅಂತ ಎರಡು ರಾತ್ರಿ ನಿದ್ದೆಗೆಟ್ಟು ಹೊಲಿದು ಬೆನ್ನು ನೋವು ಅಂದಿದ್ದಕ್ಕೆ ಈ ದಿಬ್ಬ ತೋರಿಸಿದ್ರಲ್ಲ ಅತ್ತಿಗೆ! ನನ್ನ ಮಂಡಿಗೆ ಪಟ್ಟಿ ಕಟ್ಟಿದ್ದಾಗ! ಹಲ್ಲು ಕೀಳಿಸ್ಕೊಂಡು ಬಂದಾಗ! ಹಲ್ಲಿಗೂ ದಿಬ್ಬಕ್ಕೂ ಏನ್ರೀ ಸಂಬಂಧ?” ಎಂದು ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟಳು. “ಉಸ್ಸಪ್ಪಾ ಅಂತಿದ್ರಾ? ನೀವಾ?”

“ದೊಡ್ಡ ದನಿಯಲ್ಲೇ.”

ನಾದಿನಿಯ ಸಿಟ್ಟು ಎಲ್ಲಿ ನಗುವಾಯಿತೋ ತಿಳಿಯಲಿಲ್ಲ. ಕಲ್ಲಿನ ಮೇಲೆ ಕುಸಿದು, ಅತ್ತಿಗೆಯ ಭುಜಕ್ಕೆ ಹಣೆ ಹಚ್ಚಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಗಿರಣಿಯಕ್ಕನಿಗೂ ತಡೆಯಲಾಗಲಿಲ್ಲ. ತಳ್ಳಿಕೊಂಡು ಬಂದವರು, ಏಕೆ ಏನೆಂದು ತಿಳಿಯದಿದ್ದರೂ, ಇವರ ನಗು ಕಂಡು ತಾವೂ ನಗುತ್ತ ದಾಟಿ ಹೋದರು.

ಇಬ್ಬರೂ ಸೈಕಲ್ ತಳ್ಳುತ್ತ ನೆತ್ತಿ ಸೇರಿದರು. ಅಳಿಯ ಕ್ಯಾಮೆರಾ ಕಣ್ಣಿಗಿಟ್ಟುಕೊಂಡೇ ಕೇಳಿದ: “ಅತ್ತೇ, ಹತ್ತಿದ್ರಾ?”

“ಇಲ್ಲಪ್ಪ. ತಳ್ಳಿದೆ” ಎಂದಳು ಗಿರಣಿಯಕ್ಕ. “ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ. ಇವತ್ತಿಂದ ದಿಬ್ಬದ ಮಾತು ಬಂದ್. ಸುಸ್ತಾಯ್ತು. ಉಸ್ಸಪ್ಪಾ.”

ಮಗಳು ಗಂಡನ ತೋಳು ಹಿಡಿದುಕೊಂಡಳು. ಅಮ್ಮನ ಬಾಯಲ್ಲಿ ಆ ಪದ ಅವಳು ಕೇಳಿದ್ದು ಅದೇ ಮೊದಲು. ಬಡಗಿ ಬಾಳೆಹಣ್ಣು ಸುಲಿದು ಹೆಂಡತಿಯ ಕೈಗಿಟ್ಟು, ಸೈಕಲ್ಲಿನ ಬ್ರೇಕನ್ನು ಒತ್ತಿ ಒತ್ತಿ ನೋಡಿದ.

ಎಲ್ಲರೂ ಸುಧಾರಿಸಿಕೊಂಡ ಮೇಲೆ ಮರಳುವ ಹೊತ್ತಾಯಿತು. ಗಾರ್ಡು ಶಿಳ್ಳೆ ಊದಿದರು. ಇಳಿಜಾರು ಕಂಡು ಕೋಟಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳೇ ಬ್ರೇಕುಗಳನ್ನು ನಂಬುವುದು ಹೇಗೆ? ಒಬ್ಬೊಬ್ಬರೇ ಇಳಿದು, ಹೋರಿಯ ಹಗ್ಗ ಹಿಡಿದಂತೆ ಹ್ಯಾಂಡಲ್ ಎಳೆದು ಹಿಡಿದು ನಡೆಯತೊಡಗಿದರು.

ಗಿರಣಿಯಕ್ಕ ಸೀರೆ ಸಿಕ್ಕಿಸಿದಳು.

“ಅತ್ತಿಗೆ, ಬೇಡ” ಎಂದಳು ನಾದಿನಿ. “ಒಪ್ಪಂದ ಮುಗೀತಲ್ಲ.”

“ಇದು ಒಪ್ಪಂದಕ್ಕಲ್ಲ ಕಣೇ. ಹತ್ತೋವಾಗ ತಳ್ಳುತಿದ್ದೆ ಅಂದೆನಲ್ಲ. ಇಳಿಯೋವಾಗ ಏನ್ ಮಾಡ್ತಿದ್ದೆ ಅಂತ ನೀನು ಕೇಳಲೇ ಇಲ್ಲ.”

ಎರಡು ಒದೆ. ಕಾಲು ಒಳಗೆ. ಪೆಡಲುಗಳು ಸಮಕ್ಕೆ ನಿಂತವು. ಮೈ ಎಡಕ್ಕೆ ವಾಲಿತು, ಸೈಕಲ್ಲು ಬಲಕ್ಕೆ ವಾಲಿತು, ಎರಡರ ನಡುವೆ ಎಲ್ಲೋ ಒಂದು ಕಡೆ ತೂಕ ಸರಿಯಾಗಿ ಕೂತಿತು. ಅಷ್ಟೇ ಬೇಕಾದದ್ದು. ದಿಬ್ಬ ತಾನೇ ಅವಳನ್ನು ಕೈಗೆತ್ತಿಕೊಂಡಿತು. ಇಲ್ಲಿ ತುಳಿಯುವುದಿಲ್ಲ, ಏದುವುದಿಲ್ಲ; ಮೂಟೆ ಖಾಲಿಯಾಗಿದೆ, ದಾರಿ ಕೆಳಗಿದೆ. ಸಾಲಾಗಿ ನಡೆಯುತ್ತಿದ್ದ ಕೋಟುಗಳ ಪಕ್ಕದಲ್ಲೇ ಅವಳು ಸುಂಯ್ಯೆಂದು ಹಾದಳು. “ದಾರಿ ಬಿಡ್ರೋ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಡಾಕ್ಟರು ಬೇಲಿಗೆ ಒರಗಿದರು. ಅವರ ಕೋಟಿನ ಗುಂಡಿ ಕೊನೆಗೂ ಹಾರಿತು. ಮುರುಕಿಯಲ್ಲಿ ಬಡಗಿ ಕಡೆದ ಹಿಡಿಕೆ ಅಂಗೈಯಲ್ಲಿ ಗಟ್ಟಿಯಾಗಿ ನಿಂತಿತು, ಒಂದೇ ಕೈಯ ಬ್ರೇಕು ಕಿರ್ರೆಂದಿತು, ಚಪ್ಪಟೆ ಕಲ್ಲು ಪಕ್ಕದಲ್ಲಿ ಮಿಂಚಿ ಹಿಂದೆ ಸರಿಯಿತು. ಗಾಳಿ, ಅದೇ ಗಾಳಿ. ಅದರ ಬಗ್ಗೆ ಅವಳು ಒಂದು ಅಕ್ಷರವನ್ನೂ ಹೆಚ್ಚಿಗೆ ಹೇಳಿರಲಿಲ್ಲ.

ಮೇಲೆ ನಾದಿನಿ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದಳು. “ಅಯ್ಯೋ ಅಯ್ಯೋ” ಎನ್ನುತ್ತಿದ್ದದ್ದು ಸ್ವಲ್ಪ ಹೊತ್ತಿನಲ್ಲೇ “ಹೋಗಿ ಅತ್ತಿಗೇ, ಹೋಗಿ!” ಎಂದಾಯಿತು. ಗಾರ್ಡು ಶಿಳ್ಳೆಯನ್ನು ಬಾಯಿಂದ ತೆಗೆಯಲೇ ಇಲ್ಲ.

*

ಮುಂದಿನ ವಾರ ನಾದಿನಿ ಗಿರಣಿಗೆ ಬಂದಿದ್ದಳು. ಅತ್ತಿಗೆಗೆ ಒಂದು ಅಗಲ ಕಾಲಿನ ಪ್ಯಾಂಟು ಹೊಲಿದು ತಂದಿದ್ದಳು, ಮಂಡಿಯ ಒಳಗಡೆ ದಪ್ಪ ಬಟ್ಟೆಯ ತೇಪೆ ಹಾಕಿ. “ನಿಮ್ಮ ಇಲಿ ಕೆರೆಯದ ಹಾಗೆ” ಎಂದಳು.

ಆಗಲೇ ಒಬ್ಬ ಗೋಧಿಯ ಚೀಲ ಇಳಿಸಿ, ಬೆನ್ನು ಹಿಡಿದುಕೊಂಡು ಉಸ್ಸಪ್ಪಾ ಎಂದ. ಗಿರಣಿಯಕ್ಕ ಕಾಳು ಸುರಿಯುತ್ತಿದ್ದವಳು ಕೈ ತಡೆದಳು. ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡಳು. ಬಾಯಿ ತೆರೆದಳು. ನಾದಿನಿ ಇದ್ದಾಳೆಂಬುದು ನೆನಪಾಗಿ ಮುಚ್ಚಿ, ಮತ್ತೆ ಕಾಳು ಸುರಿಯತೊಡಗಿದಳು.

ಯಂತ್ರದ ಸದ್ದನ್ನು ಮೀರಿಸುವ ದನಿ ಆಗ ಪಕ್ಕದಿಂದ ಬಂತು.

“ಇಷ್ಟಕ್ಕೇ ಉಸ್ ಅಂದ್ರೆ ಹೆಂಗಪ್ಪಾ?” ಎಂದಳು ನಾದಿನಿ. “ನಮ್ಮತ್ತಿಗೆ ಮೊನ್ನೆ ಆ ದಿಬ್ಬ ಇಳಿದದ್ದು ನೋಡಬೇಕಿತ್ತು ನೀನು. ಈ ವಯಸ್ಸಲ್ಲಿ! ಒಂದೇ ಕೈ ಬ್ರೇಕಲ್ಲಿ! ಹಿಂದೆ ಹಿಟ್ಟಿನ ಮೂಟೆ ಬೇರೆ.”

“ಮೂಟೆ ಇರಲಿಲ್ಲ ಕಣೇ” ಎಂದಳು ಗಿರಣಿಯಕ್ಕ.

“ನೀವು ಸುಮ್ನಿರಿ ಅತ್ತಿಗೆ” ಎಂದು ನಾದಿನಿ ಆ ಗೋಧಿಯವನ ಕಡೆಗೇ ತಿರುಗಿದಳು. “ಇವರಿಗೆ ಮರೆವು ಜಾಸ್ತಿ.”